ಮೂರು ವರ್ಷ ಹಿಡಿದ ಮಾತು

ಮೊದಲ ಸಲ ಬಂದಾಗ ಆಕೆ ಹೇಳಿಕೊಂಡದ್ದು ಮಂಡಿ ನೋವು, ತಲೆಭಾರ, ನಿದ್ದೆ ಇಲ್ಲ, ಇಷ್ಟೇ. ಕೈಚೀಲದ ತುಂಬ ಎಕ್ಸ್‌ರೇ, ಸ್ಕ್ಯಾನಿಂಗ್ ರಿಪೋರ್ಟು. ಕೆಜಿಎಫ್‌ನಿಂದ ಸೊಸೆ ಕರೆತಂದಿದ್ದಳು. ಕೋಲಾರದಲ್ಲಿ ಮನೋವೈದ್ಯಳಾಗಿ ಕೂತ ಮೇಲೆ ಕನ್ನಡದ ಜೊತೆ ತೆಲುಗು, ತಮಿಳೂ ನನ್ನ ಕಿವಿಗೆ ರೂಢಿ. ಆದರೆ ಈ ತಾಯಿಯ ತಮಿಳು ನಮ್ಮ ಕಡೆಯದಲ್ಲ. ಶ್ರೀಲಂಕಾದ ಜಾಫ್ನಾದವರು. 1990ರಲ್ಲಿ ಯುದ್ಧ ಮತ್ತೆ ಹೊತ್ತಿಕೊಂಡಾಗ 14ರ ಹುಡುಗಿ. ದೋಣಿಯಲ್ಲಿ ರಾಮೇಶ್ವರ ಮುಟ್ಟಿ, ಮಂಡಪಂ ನಿರಾಶ್ರಿತರ ಶಿಬಿರದಲ್ಲಿದ್ದು, ಮುಂದೆ ಮದುವೆಯಾಗಿ ಕೆಜಿಎಫ್ ಸೇರಿದವರು. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಅತ್ತೆ ಐದು ನಿಮಿಷ ಮಾತಾಡಿದರೆ ಸೊಸೆ ‘ನಿದ್ದೆ ಬರಲ್ವಂತೆ ಮೇಡಂ’ ಎಂದು ಮುಗಿಸುತ್ತಿದ್ದಳು. ಅವಳದೇನೂ ತಪ್ಪಿಲ್ಲ, ಸೊಸೆಯ ಮುಂದೆ ಅತ್ತೆ ಹೇಳಲಾಗದ್ದು ಬೇಕಾದಷ್ಟಿರುತ್ತದೆ. ಮುಂದಿನ ಸಲ ಅವಳನ್ನು ಹೊರಗೆ ಕೂರಿಸಿ ತಮಿಳು ಮನೆಮಾತಿನ ನಮ್ಮ ನರ್ಸನ್ನು ಕರೆದೆ. ‘ನಾನ್ ಕದೈಕ್ಕ ವೇಣುಂ’ ಎಂದರು ಆಕೆ. ‘ಏನೋ ಕಥೆ ಹೇಳಬೇಕಂತೆ’ ಎಂದಳು ನರ್ಸ್. ಜಾಫ್ನಾ ತಮಿಳಿನಲ್ಲಿ ಅದರ ಅರ್ಥ ‘ನಾನು ಮಾತಾಡಬೇಕು’ ಎಂದು ನನಗೆ ಗೊತ್ತಾಗುವ ಹೊತ್ತಿಗೆ ಬರೀ ಮಾತ್ರೆ ಬರೆದು ಎರಡು ತಿಂಗಳು ಕಳೆದಿದ್ದೆ.

ಮಾತ್ರೆ ಬೇಕೇ ಇತ್ತು. ಖಿನ್ನತೆಗೂ ಹಳೆಯ ಆಘಾತದ ತೊಂದರೆಗೂ ಕೊಡುವ ಸರ್ಟ್ರಲೀನ್ ಎಂಬ ಮಾತ್ರೆಯನ್ನು 25 ಮಿಲಿಗ್ರಾಂನಿಂದ ಶುರು ಮಾಡಿ, ವಾರದ ಮೇಲೆ 50, ಮುಂದೆ 100ಕ್ಕೆ ಏರಿಸಿದೆ. ಮೊದಲ ಹದಿನೈದು ದಿನ ಹೊಟ್ಟೆ ತೊಳಸುತ್ತದೆ, ಚಡಪಡಿಕೆ ಹೆಚ್ಚಬಹುದು, ಗುಣ ಕಾಣಲು ನಾಲ್ಕರಿಂದ ಆರು ವಾರ ಬೇಕು. ಇದನ್ನು ಮೊದಲೇ ಹೇಳದಿದ್ದರೆ ಎಷ್ಟೋ ಜನ ಮೊದಲ ವಾರವೇ ಬಿಟ್ಟುಬಿಡುತ್ತಾರೆ. ಮಂಡಿ ನೋವಿಗೆ ಮೆಡಿಕಲ್ ಶಾಪಿನಿಂದ ತಂದು ನುಂಗುತ್ತಿದ್ದ ಮಾತ್ರೆ ನಿಲ್ಲಿಸಿದೆ. ಆ ಬಗೆಯ ನೋವಿನ ಮಾತ್ರೆ ಸರ್ಟ್ರಲೀನ್ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚು.

ಎರಡು ತಿಂಗಳಲ್ಲಿ ಊಟ ಸೇರಿತು, ತಲೆ ಬಾಚಿಕೊಂಡು ಬರತೊಡಗಿದರು. ಕೆಟ್ಟ ಕನಸು ಮಾತ್ರ ಹೋಗಲಿಲ್ಲ. ಕಲ್ಲು ಕ್ವಾರಿಯಲ್ಲಿ ಸಿಡಿಮದ್ದು ಹಾರಿದರೆ ಈಗಲೂ ಮಂಚದ ಕೆಳಗೆ ನುಗ್ಗುತ್ತಾರೆ ಎಂದಳು ಸೊಸೆ. ಐದನೇ ತಿಂಗಳು ‘ವಾಸಿಯಾಯ್ತಲ್ಲ’ ಎಂದು ಮನೆಯವರೇ ಮಾತ್ರೆ ನಿಲ್ಲಿಸಿಬಿಟ್ಟರು. ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ, ನಿದ್ದೆ ಪೂರ್ತಿ ಹೋಯಿತು. ತಪ್ಪು ನನ್ನದು. ಗುಣವಾದ ಮೇಲೂ ಕಡೇಪಕ್ಷ ಒಂದು ವರ್ಷ ಮುಂದುವರಿಸಬೇಕು, ಬಿಡುವಾಗ ಸ್ವಲ್ಪ ಸ್ವಲ್ಪವೇ ಇಳಿಸಬೇಕು ಎಂದು ಮೊದಲ ದಿನವೇ ಮನೆಯವರನ್ನು ಕೂರಿಸಿ ಹೇಳಿರಲಿಲ್ಲ.

ಡೆನ್ಮಾರ್ಕಿನಲ್ಲಿ ಯುದ್ಧದಿಂದ ನೊಂದ 280 ನಿರಾಶ್ರಿತರ ಮೇಲೆ ನಡೆದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಸರ್ಟ್ರಲೀನ್, ಮಾತಿನ ಚಿಕಿತ್ಸೆ, ಎರಡೂ ಸೇರಿ, ಹೀಗೆ ಗುಂಪು ಮಾಡಿ ನೋಡಿದರು. ಔಷಧಿಯಿಂದ ಖಿನ್ನತೆ ಕೊಂಚ ತಗ್ಗಿತು, ಕೆಟ್ಟ ಕನಸು, ಬೆಚ್ಚಿಬೀಳುವುದು ಮುಂತಾದ ಆಘಾತದ ಲಕ್ಷಣಗಳ ಮೇಲೆ ಯಾವುದರಿಂದಲೂ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ. ಓದಿದಾಗ ಎದೆ ಕುಸಿದಿತ್ತು. ಆಮೇಲೆ ಅದೇ ನನಗೆ ತಾಳ್ಮೆ ಕೊಟ್ಟಿತು. ಮೂರು ತಿಂಗಳಲ್ಲಿ ಗುಣ ಕಾಣದಿದ್ದರೆ ರೋಗಿಯನ್ನು ದೂರುವುದು ಬಿಟ್ಟೆ.

ಮಾತಿನ ಚಿಕಿತ್ಸೆಯಲ್ಲೂ ಅವಸರ ಮಾಡಿದೆ. ಮೂರನೇ ಭೇಟಿಯಲ್ಲೇ ದೋಣಿಯ ಬಗ್ಗೆ ಕೇಳಿದ್ದಕ್ಕೆ ಎರಡು ತಿಂಗಳು ಈ ಕಡೆ ತಲೆ ಹಾಕಲಿಲ್ಲ. ವಾಪಸ್ ಬಂದ ಮೇಲೆ ಕೆಲವು ತಿಂಗಳು ಉಸಿರಾಟದ ಅಭ್ಯಾಸ, ಹೆದರಿಕೆಯಾದಾಗ ಕಾಲನ್ನು ನೆಲಕ್ಕೊತ್ತಿ ‘ಇದು ಕೆಜಿಎಫ್, ನಾನು ನಮ್ಮನೇಲಿದೀನಿ’ ಎಂದುಕೊಳ್ಳುವುದು, ಇಷ್ಟೇ. ರಾತ್ರಿ ಹೊತ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಬರೆದುಕೊಟ್ಟೆ.

ಆಮೇಲೆ ಹಗ್ಗ ತಂದೆ. ಬದುಕಿನ ಕಥೆಯನ್ನು ಮೊದಲಿಂದ ಹೇಳಿಸುವ ನಿರೂಪಣಾ ಚಿಕಿತ್ಸೆಯಲ್ಲಿ (ನರೇಟಿವ್ ಎಕ್ಸ್‌ಪೋಷರ್ ಥೆರಪಿ) ಹಗ್ಗವೇ ಬದುಕು. ಸಂತೋಷಕ್ಕೆ ಹೂವು, ನೋವಿಗೆ ಕಲ್ಲು, ಹುಟ್ಟಿನಿಂದ ಇಂದಿನವರೆಗೆ ಸಾಲಾಗಿ ಇಡಬೇಕು. ಅಪ್ಪನ ಸೈಕಲ್ಲಿಗೆ, ಮದುವೆಗೆ, ಮೊಮ್ಮಗಳಿಗೆ ಒಂದೊಂದು ಕನಕಾಂಬರ ಇಟ್ಟರು. ದೋಣಿಗೆ ಕಲ್ಲು. ಇನ್ನೊಂದು ಕಲ್ಲನ್ನು ಮುಷ್ಟಿಯಲ್ಲಿ ಬೆವರುವಷ್ಟು ಹೊತ್ತು ಹಿಡಿದುಕೊಂಡೇ ಕೂತರು. ‘ಇವತ್ತು ಬೇಡಮ್ಮ’ ಎಂದೆ. ಎಂಟು ತಿಂಗಳ ಮೇಲೆ ದೋಣಿಯ ಪಕ್ಕದಲ್ಲೇ ಅದನ್ನಿಟ್ಟು ‘ತಂಬಿ’ (ತಮ್ಮ) ಎಂದರು. ಆ ದಿನ ಒಂದೂವರೆ ಗಂಟೆ ಮಾತಾಡಿದರು, ನರ್ಸ್ ಅಳುತ್ತಲೇ ನನಗೆ ಹೇಳುತ್ತಾ ಹೋದಳು.

ಕಳೆದ ದೀಪಾವಳಿಗೂ ಕಿವಿಗೆ ಹತ್ತಿ ಇಟ್ಟುಕೊಂಡೇ ಇದ್ದರಂತೆ. ಆದರೆ ಮಂಚದ ಕೆಳಗಲ್ಲ, ಮೊಮ್ಮಗಳ ಪಕ್ಕದಲ್ಲಿ. ಮಾತ್ರೆ 50ಕ್ಕೆ ಇಳಿದಿದೆ. ಮುಂದಿನ ಮಂಗಳವಾರ ಬರುತ್ತಾರೆ.