ಘಾಟಿ ರಸ್ತೆಗೆ ದೊಡ್ಡ ಬ್ರೇಕ್ ಬೇಕಾ? ನಾನು ತೀರ್ಮಾನ ಮಾಡಿದ ಬಗೆ

ಬಿಗ್ ಬ್ರೇಕ್ ಕಿಟ್‌ಗೆ ನನಗೆ ಸಿಕ್ಕಿದ ಕೊಟೇಶನ್ ಮೂರು ಲಕ್ಷದ ಹತ್ತಿರ ಇತ್ತು. ಮುಂದಿನ ಎರಡು ಚಕ್ರಕ್ಕೆ ಆರು ಪಿಸ್ಟನ್ನಿನ ಕ್ಯಾಲಿಪರ್, ದೊಡ್ಡ ಡಿಸ್ಕ್, ಪ್ಯಾಡ್, ಸ್ಟೀಲ್ ಹೋಸ್, ಎಲ್ಲ ಸೇರಿ. ಚಕ್ರದ ಜೊತೆ ತಿರುಗುವ ತಟ್ಟೆ ಡಿಸ್ಕ್, ಅದನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವುದು ಪ್ಯಾಡ್, ಆಯಿಲ್ ಒತ್ತಡದಿಂದ ಚಲಿಸುವ ಪಿಸ್ಟನ್ನಿನಿಂದ ಪ್ಯಾಡನ್ನು ತಳ್ಳುವ ಹಿಡಿ ಕ್ಯಾಲಿಪರ್. ಹಾಕಿಸಲಿಲ್ಲ. ದುಡ್ಡು ಉಳಿಸಲು ಬಿಟ್ಟದ್ದಲ್ಲ. ಲೆಕ್ಕ ಹಾಕಿ, ಅಳೆದು ನೋಡಿದ ಮೇಲೆ ನನ್ನ ಕಾರಿನ ತೊಂದರೆಗೆ ಅದು ಮದ್ದೇ ಅಲ್ಲ ಅಂತ ಗೊತ್ತಾಯಿತು.

ಕಾರು ಬಿಎಂಡಬ್ಲ್ಯೂ ಝಡ್4, 35ಐ. ಎರಡೇ ಸೀಟು, ಮಡಚುವ ಚಾವಣಿ, ಮೂರು ಲೀಟರಿನ ಆರು ಸಿಲಿಂಡರ್ ಟರ್ಬೊ ಎಂಜಿನ್, 306 ಕುದುರೆ ಶಕ್ತಿ. ಬೆಂಗಳೂರಿನವರೊಬ್ಬರಿಂದ ಸೆಕೆಂಡ್ ಹ್ಯಾಂಡ್ ತಗೊಂಡೆ. ನನ್ನ ಮನೆ ಮಡಿಕೇರಿ ಹತ್ತಿರ. ತೋಟದ ಕೆಲಸಕ್ಕೆ ಜೀಪ್ ಇದೆ, ಇದು ರಸ್ತೆಗೆ ಮಾತ್ರ. ಟ್ರ್ಯಾಕಿಗೆ ಹೋಗುವ ಅಭ್ಯಾಸ ನನಗಿಲ್ಲ. ಮುಂದೆ ಬರುವ ಲೆಕ್ಕವೆಲ್ಲ ಈ ಒಂದು ವಿಷಯದ ಮೇಲೆ ನಿಂತಿದೆ.

ಕಾರು ತಂದ ಹೊಸತರಲ್ಲಿ ಭಾವನನ್ನು ಕೂರಿಸಿಕೊಂಡು ಸುಳ್ಯಕ್ಕೆ ಹೊರಟಿದ್ದೆ. ಮದೆನಾಡು ದಾಟಿ, ಜೋಡುಪಾಲ ಕಳೆದು ಕೆಳಗೆ ಇಳಿಯುತ್ತಿದ್ದಾಗ ಮುಂದೆ ಸಾಲಾಗಿ ಲಾರಿಗಳು. ಬ್ರೇಕ್ ಒತ್ತುವುದು, ಬಿಡುವುದು, ಮತ್ತೆ ಒತ್ತುವುದು. ಒಂದು ತಿರುವಿನಲ್ಲಿ ಪೆಡಲ್ ಮಾಮೂಲಿಗಿಂತ ಆಳಕ್ಕೆ ಹೋಯಿತು. ಮೆತ್ತಗೆ. ಇನ್ನೊಮ್ಮೆ ಒತ್ತಿದಾಗ ಹಿಡಿಯಿತು. "ಭಾವ, ಬ್ರೇಕ್ ಯಾಕೋ ಒಳಗೆ ಹೋಗ್ತಾ ಇದೆ" ಅಂದೆ. "ಮಾತಾಡ್ಬೇಡ, ಮೊದಲು ಸೈಡಿಗೆ ನಿಲ್ಲಿಸು ಮಾರಾಯ" ಅಂದರು. ನಿಲ್ಲಿಸಿದೆವು. ಅರ್ಧ ಗಂಟೆ ಬಿಟ್ಟು ನೋಡಿದರೆ ಪೆಡಲ್ ಮತ್ತೆ ಮೊದಲಿನ ಹಾಗೆ ಗಟ್ಟಿ.

ಮೈಸೂರಿನ ಗ್ಯಾರೇಜ್ ಒಂದರಲ್ಲಿ ಇದನ್ನು ಹೇಳಿದಾಗಲೇ ಆ ಕೊಟೇಶನ್ ಬಂದದ್ದು. "ಇಷ್ಟು ಪವರಿಗೆ ಈ ಬ್ರೇಕ್ ಸಾಲಲ್ಲ ಸರ್, ಒಂದೇ ಪಿಸ್ಟನ್ ಇರೋದು" ಅಂದರು. ಮುಂದಿನ ಕ್ಯಾಲಿಪರಿನಲ್ಲಿ ಒಂದೇ ಪಿಸ್ಟನ್ ಇರುವುದು ನಿಜ. ಸಾಲುವುದಿಲ್ಲ ಅನ್ನುವುದನ್ನು ನಾನೇ ನೋಡಬೇಕಿತ್ತು.

ಮೊದಲು ನೋಡಬೇಕಾದ್ದು, ಬ್ರೇಕ್ ಸೋತದ್ದು ಯಾವ ರೀತಿ ಅಂತ. ಬಿಸಿಗೆ ಬ್ರೇಕ್ ಎರಡು ರೀತಿಯಲ್ಲಿ ಸೋಲುತ್ತದೆ. ಒಂದರಲ್ಲಿ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಎಷ್ಟು ತುಳಿದರೂ ಕಾರು ಮಾತ್ರ ನಿಲ್ಲುವುದಿಲ್ಲ. ಅದು ಪ್ಯಾಡ್ ತನ್ನ ಮಿತಿ ಮೀರಿ ಕಾದ ಗುರುತು. ಇನ್ನೊಂದರಲ್ಲಿ ಪೆಡಲ್ ಮೆತ್ತಗಾಗಿ ನೆಲದ ಕಡೆ ಹೋಗುತ್ತದೆ. ಅದು ಬ್ರೇಕ್ ಆಯಿಲ್ ಕುದಿದ ಗುರುತು. ಆಯಿಲನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ, ಕುದಿದು ಹುಟ್ಟುವ ಆವಿಯನ್ನು ಕುಗ್ಗಿಸಬಹುದು. ನಿಮ್ಮ ಕಾಲಿನ ಒತ್ತಡ ಕ್ಯಾಲಿಪರಿಗೆ ಹೋಗದೆ ಆವಿಯನ್ನು ಹಿಂಡುವುದರಲ್ಲೇ ಮುಗಿದುಹೋಗುತ್ತದೆ. ನನ್ನದು ಈ ಎರಡನೇ ಜಾತಿ. ತಣಿದ ಮೇಲೆ ಪೆಡಲ್ ಸರಿಯಾದದ್ದೂ ಅದಕ್ಕೇ.

ಬ್ರೇಕ್ ಆಯಿಲ್ ಗಾಳಿಯಿಂದ ನೀರು ಎಳೆದುಕೊಳ್ಳುತ್ತದೆ. ಡಾಟ್ 4 ಅನ್ನುವ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಅಂತ ನಿಯಮ. ನೀರು ಸೇರಿದ ಆಯಿಲ್ಲಿಗೆ ಆ ಮಿತಿ 155. ಎಪ್ಪತ್ತೈದು ಡಿಗ್ರಿ ಸುಮ್ನೆ ಹೋಯಿತು ಅಲ್ವಾ? ಜೂನ್‌ನಿಂದ ಸೆಪ್ಟೆಂಬರ್ ತನಕ ಕಪಾಟಿನ ಬಟ್ಟೆಗೂ ಬೂಷ್ಟು ಹಿಡಿಯುವ ಊರು ನಮ್ಮದು. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಾಯಿಸಿ ಅಂತ ಇರುವ ಸಲಹೆಯನ್ನು ಇಲ್ಲಿ ಸಲಹೆ ಅಂತ ನೋಡಬಾರದು, ಗಡುವು ಅಂತಲೇ ನೋಡಬೇಕು. ನನ್ನ ಕಾರಿನ ಸರ್ವಿಸ್ ಬುಕ್ಕಿನಲ್ಲಿ ಬ್ರೇಕ್ ಆಯಿಲ್ ಬದಲಾದ ದಾಖಲೆ ತೀರಾ ಹಳೆಯದು. ಬದಲಾಯಿಸಿದಾಗ ನಾಲ್ಕೂ ಚಕ್ರದ ಬ್ಲೀಡರಿನಿಂದ, ಅಂದರೆ ಹಳೆ ಆಯಿಲ್ ಹೊರಬಿಡುವ ತಿರುಪಿನಿಂದ, ಹೊರಗೆ ಬಂದ ಆಯಿಲ್ ಕಂದು ಬಣ್ಣಕ್ಕೆ ತಿರುಗಿತ್ತು.

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಗ್ಯಾರೇಜಿನವರು ಹೇಳಿದ ಮಾತು ತಲೆಯಲ್ಲಿ ಉಳಿದಿತ್ತು. ಇಳಿಜಾರಿನಲ್ಲಿ ಬ್ರೇಕಿಗೆ ಎಷ್ಟು ಕೆಲಸ ಬೀಳುತ್ತದೆ ಅಂತ ಲೆಕ್ಕ ಹಾಕಿದೆ. ಮಡಿಕೇರಿ ಇರುವುದು ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿ. ಘಾಟಿಯ ಬುಡದ ಸಂಪಾಜೆ ತಲುಪುವಷ್ಟರಲ್ಲಿ ಒಂಬೈನೂರು ಮೀಟರಿನಷ್ಟು ಇಳಿದಿರುತ್ತೇವೆ ಅಂತ ಇಟ್ಟುಕೊಳ್ಳಿ. ಆ ಎತ್ತರದಿಂದ ಇಳಿಯುವ ಕಾರು ಕಳೆದುಕೊಳ್ಳಬೇಕಾದ ಶಕ್ತಿ, ಅದೇ ಕಾರನ್ನು 100 ಕಿ.ಮೀ. ವೇಗದಿಂದ ಇಪ್ಪತ್ತಕ್ಕೂ ಹೆಚ್ಚು ಸಲ ಪೂರ್ತಿ ನಿಲ್ಲಿಸುವುದಕ್ಕೆ ಸಮ. ಕಾರಿನ ತೂಕ ಎಷ್ಟೇ ಇರಲಿ, ಈ ಲೆಕ್ಕ ಬದಲಾಗುವುದಿಲ್ಲ. ತೂಕ ಎರಡೂ ಕಡೆ ಇರುವುದರಿಂದ ಹೊಡೆದುಹೋಗುತ್ತದೆ. ಮೊದಲ ಸಲ ಈ ಅಂಕಿ ಬಂದಾಗ ನನಗೇ ನಂಬಿಕೆ ಬರಲಿಲ್ಲ, ಮತ್ತೆ ಹಾಕಿ ನೋಡಿದೆ.

ಆದರೆ ಅಷ್ಟೂ ಬಿಸಿ ಬ್ರೇಕಿಗೇ ಬೀಳಬೇಕಾಗಿಲ್ಲ. ಟೈರಿನ ಉರುಳುವಿಕೆ, ಎದುರು ಗಾಳಿ ಒಂದಿಷ್ಟು ತಿನ್ನುತ್ತವೆ. ಉಳಿದದ್ದರಲ್ಲಿ ದೊಡ್ಡ ಪಾಲನ್ನು ಎಂಜಿನ್ ಹೊರಬಲ್ಲದು, ನಾವು ಬಿಟ್ಟರೆ. ಈ ಕಾರಿನ ಗೇರ್‌ಬಾಕ್ಸ್ ಆಟೊಮ್ಯಾಟಿಕ್. ಡಿ ಹಾಕಿ ಬಿಟ್ಟರೆ ಪೆಟ್ರೋಲ್ ಉಳಿಸಲು ಮೇಲಿನ ಗೇರಿಗೆ ಹೋಗಿ ಕೂರುತ್ತದೆ. ಆಗ ಎಂಜಿನ್ ಹಿಡಿಯುವುದಿಲ್ಲ, ಎಲ್ಲವೂ ಕಾಲಿನ ಮೇಲೆ. ನಮ್ಮ ಕಡೆ ಲಾರಿ ಓಡಿಸುವವರು ಹತ್ತಿದ ಗೇರಿನಲ್ಲೇ ಇಳಿಯಬೇಕು ಅನ್ನುತ್ತಾರಲ್ಲ, 306 ಕುದುರೆ ಶಕ್ತಿಯ ಕಾರಿಗೂ ಅದೇ ಪಾಠ.

ಇದನ್ನು ಅಳೆದೂ ನೋಡಿದೆ. ಇನ್‌ಫ್ರಾರೆಡ್ ಥರ್ಮಾಮೀಟರ್ ಒಂದನ್ನು ತರಿಸಿಕೊಂಡೆ. ಹೊಸ ಆಯಿಲ್ ಹಾಕಿದ ಮೇಲೆ ಒಂದು ದಿನ ಡಿ ಗೇರಿನಲ್ಲಿ ಇಳಿದೆ, ಇನ್ನೊಂದು ದಿನ ಎರಡನೇ ಮೂರನೇ ಗೇರನ್ನು ಕೈಯಲ್ಲೇ ಹಿಡಿದು ಇಳಿದೆ. ಎರಡೂ ಸಲ ಸಂಪಾಜೆಯಲ್ಲಿ ನಿಲ್ಲಿಸಿದ ತಕ್ಷಣ ಮುಂದಿನ ಡಿಸ್ಕಿಗೆ ಮೀಟರ್ ಹಿಡಿದೆ. ಮೊದಲ ದಿನ 250ರ ಆಸುಪಾಸು. ಎರಡನೇ ದಿನ ಅದರ ಅರ್ಧದಷ್ಟು. ಹೊಳೆಯುವ ಲೋಹದ ಮೇಲೆ ಈ ಮೀಟರ್ ಕಡಿಮೆ ತೋರಿಸುತ್ತದೆ. ಹಾಗಾಗಿ ಅಂಕಿಯನ್ನು ಪೂರ್ತಿ ನಂಬಬೇಡಿ. ಎರಡು ದಿನದ ನಡುವಿನ ಅಂತರ ಮಾತ್ರ ನಿಜ. ಡಿಸ್ಕಿನ ಬಿಸಿಯಷ್ಟೂ ಆಯಿಲ್ಲಿಗೆ ಹೋಗುವುದಿಲ್ಲ, ಆದರೆ ಕಾರು ನಿಂತರೆ ಬಿಸಿ ಡಿಸ್ಕಿನ ಪಕ್ಕದಲ್ಲೇ ಇರುವ ಕ್ಯಾಲಿಪರಿಗೆ ಶಾಖ ಹತ್ತುತ್ತಲೇ ಇರುತ್ತದೆ. ಇಳಿದ ಕೂಡಲೇ ನಿಲ್ಲಿಸದೆ ಸ್ವಲ್ಪ ದೂರ ಬ್ರೇಕ್ ಮುಟ್ಟದೆ ಓಡಿಸುವುದು ಒಳ್ಳೆಯದು.

ಹಾಗಾದರೆ ದೊಡ್ಡ ಡಿಸ್ಕ್ ಏನು ಮಾಡುತ್ತದೆ? ಬಿಸಿ ತಡೆದುಕೊಳ್ಳುತ್ತದೆ. ದಪ್ಪ ಕಾವಲಿ ಕಾಯಲು ಹೊತ್ತು ಹಿಡಿಯುವ ಹಾಗೆ, ಭಾರದ ಡಿಸ್ಕ್ ಅದೇ ಶಕ್ತಿಗೆ ಕಡಿಮೆ ಕಾಯುತ್ತದೆ. ತುಂಬ ಜನ ಅಂದುಕೊಂಡಿರುವ ಹಾಗೆ ಒಂದೇ ಸಲದ ತುರ್ತು ಬ್ರೇಕಿನಲ್ಲಿ ಕಾರನ್ನು ಬೇಗ ನಿಲ್ಲಿಸುವುದಿಲ್ಲ. ಇದನ್ನು ಯಾರು ಬೇಕಾದರೂ ಪರೀಕ್ಷೆ ಮಾಡಬಹುದು. ಹಿಂದೆ ಮುಂದೆ ಯಾರೂ ಇಲ್ಲದ, ಒಣಗಿದ, ನೇರ ರಸ್ತೆಯಲ್ಲಿ 60ರ ವೇಗದಿಂದ ಪೂರ್ತಿ ಒತ್ತಿ. ಪೆಡಲ್ ಕಾಲಿನ ಕೆಳಗೆ ಟಕಟಕ ಅಂತ ಒದ್ದರೆ ಎಬಿಎಸ್, ಅಂದರೆ ಚಕ್ರ ಲಾಕ್ ಆಗದ ಹಾಗೆ ಬ್ರೇಕನ್ನು ಬಿಟ್ಟು ಹಿಡಿಯುವ ವ್ಯವಸ್ಥೆ, ಕೆಲಸ ಶುರು ಮಾಡಿದೆ ಅಂತ. ಅಂದರೆ ಚಕ್ರವನ್ನು ಲಾಕ್ ಮಾಡುವಷ್ಟು ಬಲ ನಿಮ್ಮ ಬ್ರೇಕಿನಲ್ಲಿ ಈಗಲೇ ಇದೆ. ಅದಕ್ಕಿಂತ ಜಾಸ್ತಿ ಬಲ ತಗೊಂಡು ಮಾಡುವುದೇನು? ಚಕ್ರ ನಿಲ್ಲಿಸುವುದು ಬ್ರೇಕ್, ಕಾರು ನಿಲ್ಲಿಸುವುದು ಟೈರ್. ನನ್ನ ಕಾರಿನಲ್ಲಿ ಎಬಿಎಸ್ ಒದ್ದದ್ದು ಮಾತ್ರ ಅಲ್ಲ, ತೀರಾ ಬೇಗ ಒದೆಯಿತು.

ಅದರಿಂದ ಟೈರಿನ ಕಡೆ ಕಣ್ಣು ಹೋಯಿತು. ಟೈರಿನ ಪಕ್ಕದಲ್ಲಿ ಡಾಟ್ ಅಂತ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2314 ಅಂತ ಇದ್ದರೆ 2014ರ 23ನೇ ವಾರದಲ್ಲಿ ತಯಾರಾದದ್ದು. ನನ್ನ ಟೈರುಗಳಲ್ಲಿ ಬಟನ್ ಚೆನ್ನಾಗಿ ಇತ್ತು, ವಯಸ್ಸು ಮಾತ್ರ ಮೀರಿತ್ತು. ಉಗುರು ಒತ್ತಿದರೆ ಇಳಿಯದಷ್ಟು ರಬ್ಬರ್ ಗಟ್ಟಿ. ಕಡಿಮೆ ಓಡುವ ಸ್ಪೋರ್ಟ್ಸ್ ಕಾರುಗಳಲ್ಲಿ ಇದು ಮಾಮೂಲಿ: ಸವೆಯುವುದಕ್ಕೆ ಮೊದಲೇ ಮುದಿಯಾಗುತ್ತವೆ.

ನಮ್ಮ ಜಿಲ್ಲೆಯಲ್ಲಿ ಟೈರಿನ ಮಾತು ಮಳೆಯ ಮಾತೇ. ಒಣ ರಸ್ತೆಯಲ್ಲಿ ಒಳ್ಳೆಯ ಟೈರ್ 80ರ ವೇಗದಿಂದ ಸುಮಾರು 28 ಮೀಟರಿನಲ್ಲಿ ನಿಲ್ಲಿಸುತ್ತದೆ ಅಂತ ಇಟ್ಟುಕೊಳ್ಳಿ. ರಸ್ತೆಯ ಹಿಡಿತ ಅರ್ಧದ ಹತ್ತಿರಕ್ಕೆ ಇಳಿದರೆ ಅದೇ 28 ಮೀಟರ್ 60ರ ವೇಗಕ್ಕೇ ಬೇಕಾಗುತ್ತದೆ. ಕಾಲು ಬ್ರೇಕಿಗೆ ಹೋಗುವ ಮೊದಲಿನ ಒಂದು ಸೆಕೆಂಡಿನಲ್ಲಿ ಓಡುವ ಸುಮಾರು 17 ಮೀಟರ್ ಬೇರೆ. ಅದರ ಮೇಲೆ ತೋಟದಿಂದ ಹೊರಬರುವ ಟ್ರ್ಯಾಕ್ಟರ್ ಚೆಲ್ಲಿದ ಕೆಸರು, ಸಿಲ್ವರ್ ಓಕ್ ಎಲೆ, ನೆರಳಿನ ತಿರುವಿನಲ್ಲಿ ಪಾಚಿ. ಆನೆಕಾಡಿನಲ್ಲೋ ತಿತಿಮತಿ ಹತ್ತಿರವೋ ಮುಸ್ಸಂಜೆಗೆ ರಸ್ತೆ ಬದಿಯಲ್ಲಿ ಆನೆ ಕಂಡರೆ ಆರು ಪಿಸ್ಟನ್ ಲೆಕ್ಕಕ್ಕೆ ಬರುವುದಿಲ್ಲ.

ನಾಲ್ಕೂ ಟೈರ್ ಬದಲಾಯಿಸಿದೆ. ಅಳತೆ ಮೊದಲಿನದೇ, ಮುಂದೆ 225/40, ಹಿಂದೆ 255/35, 18 ಇಂಚು. ಗಾಳಿ ಹೋದರೂ ಸ್ವಲ್ಪ ದೂರ ಓಡಿಸಬಹುದಾದ ರನ್‌ಫ್ಲ್ಯಾಟ್ ಬಿಟ್ಟು ಸಾಮಾನ್ಯ ಟೈರಿಗೆ ಬಂದೆ. ನಮ್ಮ ಗುಂಡಿ ರಸ್ತೆಗಳಲ್ಲಿ ಸೊಂಟಕ್ಕೂ ಅದೇ ಹಿತ. ಕಾರಿನಲ್ಲಿ ಸ್ಟೆಪ್ನಿ ಇಲ್ಲ, ಹಾಗಾಗಿ ಪಂಕ್ಚರ್ ಕಿಟ್ ಮತ್ತು ಪಂಪ್ ಡಿಕ್ಕಿಯಲ್ಲಿ ಕಾಯಂ. ಇಡೀ ಕೆಲಸದಲ್ಲಿ ಜಾಸ್ತಿ ದುಡ್ಡು ಹೋದದ್ದು ಇಲ್ಲಿ, ಜಾಸ್ತಿ ವ್ಯತ್ಯಾಸ ಕಂಡದ್ದೂ ಇಲ್ಲೇ. ಒದ್ದೆ ರಸ್ತೆಯಲ್ಲಿ ಎಬಿಎಸ್ ಬರುವ ಮೊದಲು ಈಗ ಎಷ್ಟೋ ಗಟ್ಟಿಯಾಗಿ ಒತ್ತಬಹುದು.

ಪ್ಯಾಡ್ ವಿಷಯದಲ್ಲಿ ನನಗೆ ಸ್ನೇಹಿತರಿಂದ ಬಂದ ಸಲಹೆ ರೇಸ್ ಪ್ಯಾಡ್ ಹಾಕು ಅಂತ. ಬೇಡ. ರೇಸ್ ಪ್ಯಾಡ್ ಕಾದ ಮೇಲೆ ಹಿಡಿಯುವ ಜಾತಿ. ಬೆಳಗ್ಗೆ ಆರು ಗಂಟೆಗೆ, ಮಂಜಿನಲ್ಲಿ, ಗೇಟಿನಿಂದ ಹೊರಬಿದ್ದ ಕೂಡಲೇ ನಾಯಿ ಅಡ್ಡ ಬಂದರೆ ನಿಮಗೆ ಬೇಕಾದ್ದು ತಣ್ಣಗಿದ್ದಾಗ ಹಿಡಿಯುವ ಪ್ಯಾಡ್. ರೇಸ್ ಪ್ಯಾಡಿಗೆ ಸದ್ದು ಬೇರೆ, ಡಿಸ್ಕನ್ನೂ ತಿನ್ನುತ್ತದೆ. ಕೆಲವು ಪ್ಯಾಡುಗಳ ಅಂಚಿನಲ್ಲಿ ಎರಡು ಅಕ್ಷರ ಅಚ್ಚಾಗಿರುತ್ತದೆ, ಇಇ, ಎಫ್‌ಎಫ್ ಅಂತ. ಮೊದಲನೆಯದು ಸಾಮಾನ್ಯ ಶಾಖದಲ್ಲಿ ಪ್ಯಾಡ್ ಎಷ್ಟು ಹಿಡಿಯುತ್ತದೆ ಅನ್ನುವುದು, ಎರಡನೆಯದು ಕಾದಾಗ. ಹಿಡಿತವನ್ನು ಘರ್ಷಣೆಯ ಗುಣಾಂಕದಲ್ಲಿ ಹೇಳುತ್ತಾರೆ, ಇ ಅಂದರೆ 0.25ರಿಂದ 0.35, ಎಫ್ ಅಂದರೆ 0.35ರಿಂದ 0.45. ಎರಡನೇ ಅಕ್ಷರ ಮೊದಲನೆಯದಕ್ಕಿಂತ ಕೆಳಗಿದ್ದರೆ ಬಿಸಿಗೆ ಅದು ಸೋಲುತ್ತದೆ ಅಂತ. ನಾನು ರಸ್ತೆಗೇ ಮಾಡಿದ, ಸ್ವಲ್ಪ ಜಾಸ್ತಿ ಬಿಸಿ ತಡೆಯುವ ಪ್ಯಾಡ್ ಹಾಕಿಸಿದೆ. ಹಾಕಿದ ಮೇಲೆ ಬೆಡ್ಡಿಂಗ್, ಅಂದರೆ ಹೊಸ ಪ್ಯಾಡನ್ನು ಡಿಸ್ಕಿಗೆ ಹೊಂದಿಸುವುದು, ಬಿಡಬೇಡಿ: ಸಾಧಾರಣ ವೇಗದಿಂದ ತೆವಳುವ ವೇಗದ ತನಕ ಮತ್ತೆ ಮತ್ತೆ ಬ್ರೇಕ್ ಹಾಕಬೇಕು, ಪೂರ್ತಿ ನಿಲ್ಲಿಸಬಾರದು, ಆಮೇಲೆ ತಣಿಯಲು ಓಡಿಸಬೇಕು. ಸ್ಟೀಲ್ ಹೋಸ್ ಹಾಕಿಸಲಿಲ್ಲ. ರಬ್ಬರ್ ಹೋಸ್ ಬಿರುಕು ಬಿಟ್ಟಿರಲಿಲ್ಲ, ಪೆಡಲ್ ಗಟ್ಟಿ ಇತ್ತು. ತೂತು ಕೊರೆದ ಡಿಸ್ಕೂ ಬೇಡ ಅಂದೆ, ಆ ತೂತಿನಿಂದಲೇ ಬಿರುಕು ಏಳುತ್ತದೆ.

ಕಿಟ್ ಬೇಡ ಅನ್ನಲು ಇನ್ನೊಂದು ಕಾರಣವೂ ಇದೆ, ಅದನ್ನು ಮಾರುವವರು ತಾವಾಗಿ ಹೇಳುವುದು ಕಡಿಮೆ. ಮುಂದೆ ಮಾತ್ರ ದೊಡ್ಡ ಪಿಸ್ಟನ್, ದೊಡ್ಡ ಡಿಸ್ಕ್ ಹಾಕಿದರೆ ಬ್ರೇಕಿನ ಪಾಲು ಇನ್ನೂ ಮುಂದಕ್ಕೆ ವಾಲುತ್ತದೆ. ಹಿಂದಿನ ಟೈರುಗಳು ತಮ್ಮ ಕೈಲಾದಷ್ಟು ಮಾಡುವ ಮೊದಲೇ ಮುಂದಿನವು ಮಿತಿ ಮುಟ್ಟುತ್ತವೆ. ನಿಲ್ಲುವ ದೂರ ಕಡಿಮೆಯಾಗುವ ಬದಲು ಜಾಸ್ತಿಯಾಗಲೂಬಹುದು. ಪಿಸ್ಟನ್ನಿನ ಒಟ್ಟು ಗಾತ್ರ ಹೆಚ್ಚಿದರೆ ಪೆಡಲಿನಿಂದ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಅದೇ ಇರುವಾಗ ಪೆಡಲನ್ನು ಹೆಚ್ಚು ದೂರ ಒತ್ತಬೇಕಾಗುತ್ತದೆ. ಎಬಿಎಸ್ ಹಳೆಯ ಲೆಕ್ಕದಲ್ಲೇ ಓಡುತ್ತಿರುತ್ತದೆ. ಒಳ್ಳೆಯ ಕಿಟ್ ಮಾಡುವವರು ಇದನ್ನೆಲ್ಲ ಆಯಾ ಕಾರಿಗೆ ಹೊಂದಿಸಿ ಕೊಡುತ್ತಾರೆ, ನಿಜ. "ಯಾವ ಕಾರಿಗೂ ಕೂರುತ್ತೆ" ಅನ್ನುವ ಕಿಟ್ ಕಂಡರೆ ದೂರ ಇರಿ. ಚಕ್ರದೊಳಗೆ ಕ್ಯಾಲಿಪರಿಗೆ ಜಾಗ ಇದೆಯಾ ಅಂತ ಅಳೆಯಬೇಕು. ಇನ್ಶೂರೆನ್ಸ್ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಲೂಬೇಕು.

ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಗೋ ಚೆನ್ನೈ ಟ್ರ್ಯಾಕಿಗೋ ಹೋಗುವವರ ಲೆಕ್ಕ ಬೇರೆ. ಅಲ್ಲಿ ಸುತ್ತು ಸುತ್ತಿಗೂ ವೇಗದಿಂದ ಬ್ರೇಕ್, ತಣಿಯಲು ಬಿಡುವೇ ಇಲ್ಲ. ಅಂಥವರು ಕೇಳಿದರೆ ನಾನು ಮೊದಲು ಆಯಿಲ್, ಪ್ಯಾಡ್ ಅನ್ನುತ್ತೇನೆ. ಅದರ ಮೇಲೂ ಪ್ರತಿ ಸಲ ಬಿಸಿಗೆ ಸೋತರೆ ಕಿಟ್ ಅವರಿಗೆ ನ್ಯಾಯವಾದ ಖರ್ಚು.

ಈಗ ನನ್ನ ಕ್ರಮ ಇಷ್ಟು. ಮಳೆಗಾಲಕ್ಕೆ ಮೊದಲು ಮಡಿಕೇರಿಯ ನನ್ನ ಮೆಕ್ಯಾನಿಕ್ ಹತ್ತಿರ ಕ್ಯಾಲಿಪರ್ ಬಿಚ್ಚಿಸಿ ಸ್ಲೈಡ್ ಪಿನ್ನುಗಳಿಗೆ ಹೊಸ ಗ್ರೀಸ್. ಒಂದೇ ಪಿಸ್ಟನ್ನಿನ ಕ್ಯಾಲಿಪರ್ ಆ ಪಿನ್ನಿನ ಮೇಲೆ ಜಾರಬೇಕು. ಅದು ಹಿಡಿದುಕೊಂಡರೆ ಒಳಗಿನ ಪ್ಯಾಡ್ ಮಾತ್ರ ಸವೆಯುತ್ತದೆ. ಜೋರು ಮಳೆಯಲ್ಲಿ ವಾರಗಟ್ಟಲೆ ಕಾರು ನಿಂತರೆ ಹ್ಯಾಂಡ್‌ಬ್ರೇಕ್ ಹಾಕದೆ ಚಕ್ರಕ್ಕೆ ಮರದ ತುಂಡು ಕೊಡುತ್ತೇನೆ. ಮತ್ತೆ ಹೊರಡುವಾಗ ಡಿಸ್ಕಿನ ತುಕ್ಕು ಹೋಗುವ ತನಕ ನಿಧಾನವಾಗಿ ನಾಲ್ಕಾರು ಸಲ ಬ್ರೇಕ್ ಒತ್ತಿ ಒರೆಸುತ್ತೇನೆ. ಡಿಸ್ಕಿನ ಕನಿಷ್ಠ ದಪ್ಪ ಅದರ ಮೇಲೇ ಅಚ್ಚಾಗಿರುತ್ತದೆ. ನನ್ನ ಮುಂದಿನ ಡಿಸ್ಕುಗಳು ಅದಕ್ಕೆ ಹತ್ತಿರ ಬರುತ್ತಿವೆ, ಮುಂದಿನ ವರ್ಷ ಬದಲಾಯಿಸಬೇಕಾಗಬಹುದು. ಆಗಲೂ ಇದೇ ಅಳತೆಯದ್ದನ್ನೇ ತರಿಸುತ್ತೇನೆ.