ಎಮರ್ಜೆನ್ಸಿ ಟಿಲ್ಲರ್ ಎಲ್ಲಿಡಬೇಕು?

ಗೋವಾದ ಮಾಂಡವಿ ನದಿಯ ಬಾಯಲ್ಲಿ, ಅಗ್ವಾದದ ಮರಳದಿಬ್ಬ ದಾಟುವಾಗ ಹಾಯಿದೋಣಿಯ ವೀಲ್ (ಸ್ಟಿಯರಿಂಗ್ ಚಕ್ರ) ಒಮ್ಮೆಲೇ ಹಗುರಾಗಿ ಗಿರಗಿರ ತಿರುಗಿತೆಂದರೆ ಕೆಳಗೆ ಅದನ್ನು ಚುಕ್ಕಾಣಿಗೆ ಜೋಡಿಸುವ ಸ್ಟಿಯರಿಂಗ್ ವೈರ್ ತುಂಡಾಗಿರುವುದೇ ಹೆಚ್ಚು. ಮುಂಬೈ ಬಂದರಿನಲ್ಲಾದರೆ ಹುಣ್ಣಿಮೆ-ಅಮಾವಾಸ್ಯೆಯ ಇಳಿತದ ಸೆಳೆತಕ್ಕೆ ದೋಣಿಯನ್ನು ಲಂಗರು ಹಾಕಿದ ಹಡಗುಗಳತ್ತ ಒಯ್ಯಲು ಹೆಚ್ಚು ಹೊತ್ತು ಬೇಡ. ಆಗ ಬೇಕಾದದ್ದು ಎಮರ್ಜೆನ್ಸಿ ಟಿಲ್ಲರ್, ಅಂದರೆ ಚುಕ್ಕಾಣಿಯನ್ನು ನೇರವಾಗಿ ಕೈಯಿಂದಲೇ ತಿರುಗಿಸುವ ಬಿಡಿ ಹಿಡಿಕೆ. ಅದನ್ನು ಕ್ಯಾಬಿನ್ನಿಗಿಳಿದು ಹಾಸಿಗೆ ಮಗುಚಿ ಹುಡುಕುವಂತಿದ್ದರೆ ಟಿಲ್ಲರ್ ಇದ್ದೂ ಇಲ್ಲದಂತೆ.

ವೀಲ್‌ನಿಂದ ಎರಡು ಹೆಜ್ಜೆಯ ಕಾಕ್‌ಪಿಟ್ ಲಾಕರೇ ಸರಿಯಾದ ಜಾಗ. ಅದೂ ತಳದಲ್ಲಿ, ದೋಣಿ ಜೆಟ್ಟಿಗೆ ಉಜ್ಜದಂತೆ ಇಳಿಬಿಡುವ ಫೆಂಡರುಗಳ ಅಡಿಗಲ್ಲ. ಮುಚ್ಚಳ ಎತ್ತಿದೊಡನೆ ಕಾಣುವಂತೆ ಒಳಗೋಡೆಗೆ, ಎರಡು ವೆಲ್ಕ್ರೋ ಪಟ್ಟಿಯಲ್ಲಿ. ಕ್ವಾಡ್ರಂಟ್ (ವೈರ್ ಎಳೆದಾಗ ಚುಕ್ಕಾಣಿ ತಿರುಗಿಸುವ ಬಿಲ್ಲಿನಾಕಾರದ ಭಾಗ) ಇರುವ ಹಿಂಬದಿಯಲ್ಲಿ ಸುಮ್ಮನೆ ಒರಗಿಸಿಟ್ಟರೆ, ದೋಣಿ ವಾಲಿದಾಗ ಜಾರಿ ಚುಕ್ಕಾಣಿಯನ್ನೇ ಕಟ್ಟಿಹಾಕೀತು. ಕಬ್ಬಿಣದ್ದಾದರೆ ದಿಕ್ಸೂಚಿಯಿಂದಲೂ ಆಟೋಪೈಲಟ್‌ನ ಕಂಪಾಸ್‌ನಿಂದಲೂ ಕನಿಷ್ಠ ಒಂದು ಮೀಟರ್ ದೂರವಿಡಿ. ಲಾಕರಿಗೆ ಬೀಗವಿದ್ದರೆ ಜೆಟ್ಟಿ ಬಿಡುವ ಮುನ್ನವೇ ತೆಗೆದುಬಿಡಿ. ಕಾರವಾರ, ಅಂಕೋಲಾ ಕಡೆಯ ಹುಡುಗರು ಜೊತೆಗಿದ್ದರೆ ಮುಚ್ಚಳದ ಮೇಲೆ ಕನ್ನಡದಲ್ಲೂ ಬರೆಯಿರಿ.

ಟಿಲ್ಲರ್‌ಗಿಂತ ಬೇಗ ಕಳೆದುಹೋಗುವುದು ಡೆಕ್ ಪ್ಲೇಟ್ (ಡೆಕ್ಕಿನ ತಿರುಪು ಮುಚ್ಚಳ) ತೆರೆಯುವ ಕೀಲಿ. ಅದಿಲ್ಲದೆ ರಡರ್ ಸ್ಟಾಕಿನ (ಚುಕ್ಕಾಣಿಯ ದಂಡದ) ತಲೆ ಮುಟ್ಟಲಾಗದು. ಒಂದು ಕೀಲಿಯನ್ನು ಟಿಲ್ಲರಿಗೇ ದಾರದಲ್ಲಿ ಕಟ್ಟಿ, ಇನ್ನೊಂದನ್ನು ವೀಲ್ ನಿಂತಿರುವ ಪೆಡೆಸ್ಟಲ್ಲಿಗೆ. ಟಿಲ್ಲರಿನ ಜೊತೆಗೇ ಒಂದು ಚೀಲವಿರಲಿ, ಅದರಲ್ಲಿ ಟಿಲ್ಲರಿನ ಪಿನ್ (ಅಲೆ ಎತ್ತಿದಾಗ ಟಿಲ್ಲರ್ ಹಾರಿ ಬರದಿರಲು), ಟಾರ್ಚ್, 8ರಿಂದ 10 ಮಿ.ಮೀ. ದಪ್ಪದ ಐದಾರು ಮೀಟರಿನ ಎರಡು ಹಗ್ಗ, ಎರಡು ಬ್ಲಾಕ್ (ರಾಟೆ). ಇಂಥ ಟಿಲ್ಲರುಗಳು ಬಹುಪಾಲು ಗಿಡ್ಡ. ಬರಿಗೈಯಲ್ಲಿ ಹಿಡಿದರೆ ತೋಳು ಬೇಗ ಸೋಲುತ್ತದೆ, ಹಗ್ಗಗಳನ್ನು ಎರಡೂ ಕಡೆಯ ವಿಂಚಿಗೆ (ಹಗ್ಗ ಸುತ್ತಿ ಎಳೆಯುವ ಉರುಳೆಗೆ) ಎಳೆದು ನಡೆಸುವುದೇ ಜಾಣತನ.

ಈಗ ನಿಂತ ನೀರಿನಲ್ಲಿ ಒಮ್ಮೆ ಜೋಡಿಸಿ ನೋಡಿ. ಟಿಲ್ಲರ್ ವೀಲಿಗೆ ತಾಗುತ್ತದೆಯೆ? ಹಾಗಿದ್ದರೆ ವೀಲ್ ಕಳಚಬೇಕು, ಅದರ ನಟ್ಟಿನ ಸ್ಪ್ಯಾನರೂ ಚೀಲಕ್ಕೆ ಸೇರಲಿ. ಹೈಡ್ರಾಲಿಕ್ (ಎಣ್ಣೆಯ ಒತ್ತಡದ) ಸ್ಟಿಯರಿಂಗ್ ಆದರೆ ಮೊದಲು ಎಣ್ಣೆಗೆ ಅಡ್ಡದಾರಿ ಬಿಡುವ ಬೈಪಾಸ್ ವಾಲ್ವ್ ತೆರೆಯಬೇಕು, ಇಲ್ಲವಾದರೆ ಟಿಲ್ಲರ್ ಜಪ್ಪಯ್ಯ ಅಂದರೂ ಅಲುಗದು. ಆಟೋಪೈಲಟ್‌ನ ತೋಳು ನೇರವಾಗಿ ರಡರ್ ಸ್ಟಾಕಿಗೇ ಕೂಡಿದ್ದರೆ ವೈರ್ ಹೋದರೂ ಅದು ದೋಣಿ ನಡೆಸೀತು. ಮೊದಲು ಅದನ್ನು ಒತ್ತಿ ನೋಡಿ, ಆಮೇಲೆ ಟಿಲ್ಲರ್. ಟಿಲ್ಲರ್ ಹಾಕುವಾಗ ಆಟೋಪೈಲಟ್ ಬಂದ್ ಇರಲಿ.

ಮಳೆಗಾಲಕ್ಕೆ ದಡಕ್ಕೆಳೆದ ದೋಣಿ ಸೆಪ್ಟೆಂಬರ್ ಕಳೆದು ನೀರಿಗಿಳಿಯುವಾಗ ಡೆಕ್ ಪ್ಲೇಟ್ ಉಪ್ಪು ಕಚ್ಚಿ ಕೂತಿರುತ್ತದೆ, ಅಲ್ಯೂಮಿನಿಯಂನದು ಇನ್ನೂ ಮೊಂಡು. ಬಿಚ್ಚಿ, ಸಿಹಿನೀರಲ್ಲಿ ತೊಳೆದು, ತಿರುಪಿನ ಎಳೆಗಳಿಗೂ ಓ-ರಿಂಗಿಗೂ (ರಬ್ಬರ್ ಬಳೆಗೂ) ಸಿಲಿಕೋನ್ ಗ್ರೀಸ್ ಸವರಿ, ಕೈಬಿಗಿಯಷ್ಟೇ ತಿರುಗಿಸಿ. ಋತು ಮುಗಿಯುವವರೆಗೆ ತಿಂಗಳಿಗೊಮ್ಮೆ ಬಿಚ್ಚಿ ಹಾಕುತ್ತಿರಿ.