ನೆರೆ ಇಳಿದ ಮೇಲೆ ಜೇನು ಕುಟುಂಬ ಉಳಿಸಿಕೊಳ್ಳುವುದು ಹೇಗೆ?

2019ರ ಆಗಸ್ಟ್, 2021ರ ಜುಲೈನಲ್ಲಿ ಗಂಗಾವಳಿ ಉಕ್ಕಿದ್ದು ಅಂಕೋಲಾ ಕಡೆಯವರಿಗೆ ಚೆನ್ನಾಗಿ ನೆನಪಿದೆ. ನೆರೆ ಬಂದಾಗ ಮೊದಲು ಮನೆ, ದನ, ಗದ್ದೆ ನೋಡಬೇಕು, ಸರಿಯೇ. ಆದರೆ ನೀರು ಇಳಿದ ಕೂಡಲೇ ತೋಟದ ಜೇನು ಪೆಟ್ಟಿಗೆ ಹತ್ತಿರವೂ ಹೋಗಿ ಬನ್ನಿ, ಯಾಕೆಂದರೆ ನಮ್ಮ ತುಡುವೆ ಜೇನು ಕಷ್ಟ ಜಾಸ್ತಿಯಾದರೆ ಗೂಡನ್ನೇ ಬಿಟ್ಟು ಎದ್ದು ಹೋಗುತ್ತದೆ.

ಹೋದವರು ತಕ್ಷಣ ಮುಚ್ಚಳ ತೆಗೆಯಬೇಡಿ. ಸ್ವಲ್ಪ ಹೊತ್ತು ಬಾಗಿಲು ನೋಡಿ. ಹುಳಗಳು ಕಾಲಲ್ಲಿ ಪರಾಗ ಹೊತ್ತು ಒಳಗೆ ಹೋಗುತ್ತಿದ್ದರೆ ಒಳ್ಳೆಯ ಲಕ್ಷಣ, ಒಳಗೆ ಮರಿಗಳಿರಬಹುದು. ಮಳೆ ಬಿಟ್ಟು ಬಿಸಿಲು ಬಿದ್ದಾಗ ತೆರೆಯಿರಿ. ಕೆಸರು ತುಂಬಿದ, ಬೂಸ್ಟು ಹಿಡಿದ ಎರಿ (ಹುಳಗಳು ಕಟ್ಟಿದ ಮೇಣದ ಹಲ್ಲೆ) ತೆಗೆಯಿರಿ. ಅದನ್ನು ಅಲ್ಲೇ ಬಿಸಾಡಿದರೆ ಎರಿ ಹಾಳುಮಾಡುವ ಮೇಣದ ಪತಂಗ ಬರುತ್ತದೆ, ದೂರ ಒಯ್ದು ಹೂಳಿ. ಹುಳಗಳು ಮುಚ್ಚಿ ಕೂರುವಷ್ಟು ಎರಿ ಮಾತ್ರ ಉಳಿಸಿ, ಬಾಗಿಲನ್ನೂ ಒಂದೆರಡು ಹುಳ ಹೋಗುವಷ್ಟಕ್ಕೆ ಕಿರಿದು ಮಾಡಿ.

ರಾಣಿಯನ್ನು ಹುಡುಕುತ್ತಾ ಕೂರಬೇಡಿ, ಮೊಟ್ಟೆ ನೋಡಿ. ಮೊಟ್ಟೆ ಒಡೆಯಲು ಸುಮಾರು 3 ದಿನ ಬೇಕು. ಕೋಣೆಗೊಂದರಂತೆ ಮೊಟ್ಟೆ ಕಂಡರೆ ರಾಣಿ ಮೊನ್ನೆ ಮೊನ್ನೆಯವರೆಗೂ ಇತ್ತು ಎಂದು ಅರ್ಥ. ಕಾಣದಿದ್ದರೆ ಗಟ್ಟಿ ಕುಟುಂಬದಿಂದ ಮೊಟ್ಟೆಯಿರುವ ಒಂದು ಫ್ರೇಮ್ (ಎರಿ ಕಟ್ಟಿದ ಚೌಕಟ್ಟು) ಕೊಡಿ, ಅವೇ ಹೊಸ ರಾಣಿ ಮಾಡಿಕೊಳ್ಳಲು ನೋಡುತ್ತವೆ. ಆದರೆ ಆ ಕುಟುಂಬ ಆರೋಗ್ಯವಾಗಿದೆಯಾ ಎಂದು ಖಾತ್ರಿ ಮಾಡಿಕೊಳ್ಳಿ. 1990ರ ದಶಕದ ಮೊದಲಲ್ಲಿ ಮರಿಗಳನ್ನು ಸಾಯಿಸುವ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗ ಬಂದು ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲು ನಾಶವಾದವು. ಸತ್ತ ಮರಿ ನೀರು ತುಂಬಿದ ಚೀಲದಂತೆ ಕಂಡರೆ ಆ ಪೆಟ್ಟಿಗೆಯ ಒಂದು ಎರಿಯನ್ನೂ ಬೇರೆಡೆ ಹಾಕಬೇಡಿ.

ಇನ್ನು ಹೊಟ್ಟೆಪಾಡು. ಕುದಿಸಿ ಇಳಿಸಿದ ನೀರಿಗೆ ಅಷ್ಟೇ ತೂಕದ ಬಿಳಿ ಸಕ್ಕರೆ ಕರಗಿಸಿ, ಪೂರ್ತಿ ಆರಿಸಿ, ಕತ್ತಲಾಗುವ ಹೊತ್ತಿಗೆ ಪೆಟ್ಟಿಗೆಯ ಒಳಗೇ ಇಡಿ. ಹುಳ ಮುಳುಗದಂತೆ ಬಟ್ಟಲಿಗೆ ನಾಲ್ಕು ಕಡ್ಡಿ ಹಾಕಿ. ಹೊರಗೆ ಚೆಲ್ಲಿದರೆ ಇರುವೆ ಬರುತ್ತದೆ, ಬೇರೆ ಪೆಟ್ಟಿಗೆಯ ಹುಳಗಳೂ ದೋಚಲು ಬರುತ್ತವೆ. ಬೆಲ್ಲ ಬೇಡ, ಭೇದಿಯಾಗುತ್ತದೆ. ಬೇರೆ ಕಡೆಯ ಜೇನುತುಪ್ಪವೂ ಬೇಡ, ಅದರ ಜೊತೆ ರೋಗ ಬರಬಹುದು. ಆಮೇಲೆ ದಿನಾ ಸುಮ್ನೆ ಮುಚ್ಚಳ ಎತ್ತಿ ನೋಡಬೇಡಿ, ವಾರಕ್ಕೊಮ್ಮೆ ಸಾಕು.

ಜಾಗ ಬದಲಿಸಬೇಕಾ? ರಾತ್ರಿ ಹುಳಗಳೆಲ್ಲ ಒಳಗಿದ್ದಾಗ ಬಾಗಿಲಿಗೆ ಬಲೆ ಕಟ್ಟಿ ಒಯ್ಯಿರಿ. ಹಿತ್ತಲಲ್ಲೇ ಆದರೆ ದಿನಕ್ಕೆ ಎರಡು ಮೂರು ಅಡಿಯಷ್ಟು ಸರಿಸಿ, ಇಲ್ಲವೇ ಮೂರು ಕಿಲೋಮೀಟರ್ ಆಚೆ ಇಡಿ. ನಡುವೆ ಎಲ್ಲೋ ಇಟ್ಟರೆ ಹೊರಗೆ ಹೋದ ಹುಳಗಳು ಹಳೆಯ ಜಾಗಕ್ಕೇ ವಾಪಸ್ ಹೋಗಿ ಸಾಯುತ್ತವೆ. ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಇಡುವುದನ್ನು ಮರೆಯಬೇಡಿ.

ತೋಟ ಚೊಕ್ಕ ಮಾಡುವ ಅವಸರದಲ್ಲಿ ಮುಟ್ಟಿದರೆ ಮುನಿ, ತುಂಬೆ ಎಲ್ಲ ಸವರಿ ಹಾಕಬೇಡಿ. ಮಳೆಗಾಲದ ಕೊನೆಯಲ್ಲಿ ಅವುಗಳ ಹೂವೇ ಆಸರೆ. ಆ ವರ್ಷ ತುಪ್ಪ ತೆಗೆಯುವ ಆಸೆಯನ್ನೂ ಬಿಡಿ.

ಕಾಡುಜೇನಿಗೂ ಒಂದು ಉಪಕಾರ ಮಾಡಬಹುದು. ಬಿದ್ದ ಮರಕ್ಕೆ ಗರಗಸ ಹಾಕುವ ಮೊದಲು ಪೊಟರೆ ನೋಡಿ. ತುಡುವೆಯೋ ಮಿಸ್ರಿಯೋ (ಚುಚ್ಚದ ಪುಟ್ಟ ಜೇನು) ಇದ್ದರೆ ಗೂಡು ಒಡೆಯದಂತೆ ಅಷ್ಟು ತುಂಡನ್ನು ಕತ್ತರಿಸಿ, ಮರದಲ್ಲಿದ್ದಾಗ ಯಾವ ತುದಿ ಮೇಲಿತ್ತೋ ಅದನ್ನೇ ಮೇಲೆ ಮಾಡಿ, ಅಲ್ಲೇ ಪಕ್ಕದ ನೆರಳಲ್ಲಿ ನಿಲ್ಲಿಸಿ ಕಟ್ಟಿ.